ಅಪ್ಪಾಜಿ ಫೋನಿನಲ್ಲಿ ನಾನೊಂದು ಚುಕ್ಕಿ

ಪ್ರಶ್ನೆ: ನಾನು ಹಾವೇರಿ ಕಡೆಯವಳು, 19 ವರ್ಷ. ಧಾರವಾಡದಲ್ಲಿ ಬಿಎಸ್ಸಿ ಓದುತ್ತಾ ಸಪ್ತಾಪುರದ ಪಿಜಿಯಲ್ಲಿದ್ದೇನೆ. ಇಲ್ಲಿ ಬಿಟ್ಟುಹೋದ ದಿನವೇ ಅಪ್ಪಾಜಿ ನನ್ನ ಗೂಗಲ್ ಮ್ಯಾಪ್ಸ್‌ನಲ್ಲಿ ಲೊಕೇಶನ್ ಶೇರಿಂಗ್ ಆನ್ ಮಾಡಿಸಿದರು. ಗೆಳತಿಯರ ಜೊತೆ ಲೈನ್ ಬಜಾರಿಗೆ ಹೋದರೂ ‘ಅಲ್ಲೇನು ಕೆಲಸ?’ ಅಂತ ಫೋನ್. ಈಗ ಫೋನನ್ನು ರೂಮಿನಲ್ಲೇ ಬಿಟ್ಟು ಹೋಗುತ್ತೇನೆ. ಸುಳ್ಳು ಲೊಕೇಶನ್ ತೋರಿಸುವ ಆ್ಯಪ್ ಹಾಕಿಕೋ ಅಂತಾಳೆ ಗೆಳತಿ. ಹಾಕಿಕೊಳ್ಳಲಾ?

ಬೇಡ ತಂಗಿ. ಮೊದಲು ಆ ಫೋನನ್ನು ವಾಪಸ್ ಚೀಲಕ್ಕೆ ಹಾಕಿಕೋ. ನಿನ್ನ ಪತ್ರದಲ್ಲಿ ನನಗೆ ಭಯ ಹುಟ್ಟಿಸಿದ್ದು ಅದೇ ಸಾಲು. ಕತ್ತಲಾದ ಮೇಲೆ ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಬಂದು ಇಳಿದಾಗ ಏನಾದರೂ ಆದರೆ 112ಕ್ಕೆ ಫೋನ್ ಮಾಡಲು ನಿನ್ನ ಕೈಯಲ್ಲಿ ಏನೂ ಇಲ್ಲ, ಅತ್ತ ಅಪ್ಪಾಜಿ ಮಗಳು ರೂಮಿನಲ್ಲಿ ಓದುತ್ತಿದ್ದಾಳೆ ಅಂತ ನೆಮ್ಮದಿಯಿಂದ ಊಟಕ್ಕೆ ಕೂತಿರುತ್ತಾರೆ. ಸುಳ್ಳು ಆ್ಯಪ್ ಮಾಡುವುದೂ ಇದನ್ನೇ. ಅದು ಗೊತ್ತಾದ ದಿನದಿಂದ ನೀನು ನಿಜ ಹೇಳಿದರೂ ಅವರಿಗೆ ಅನುಮಾನ.

ಹಾಗಂತ ನಿನ್ನ ಸಿಟ್ಟು ತಪ್ಪಲ್ಲ. ಗೆಳತಿಯರ ಜೊತೆ ಒಂದು ಕಪ್ ಚಹಾ ಕುಡಿಯಲು ಹೊರಟರೂ ಈಗ ಫೋನ್ ಬರುತ್ತೆ ಅಂತ ಎದೆ ಡವಡವ ಅನ್ನುವುದು ಯಾರಿಗೆ ಬೇಕು? ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರಲ್ಲೇ ಹೇಳಿದ್ದಾರೆ. ಆ ಕೇಸು ಹಾಕಿದ್ದು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು. ಆದರೆ ಮನೆಯಲ್ಲಿ ಇದನ್ನು ಎತ್ತಬೇಡ, ಮಾತು ಅಲ್ಲಿಗೇ ಮುರಿಯುತ್ತದೆ.

ಈ ಶನಿವಾರ ಊರಿಗೆ ಹೋಗು. ಮೊದಲು ಅವ್ವನ ಹತ್ತಿರ ಮಾತಾಡು. ಆಮೇಲೆ ಅಪ್ಪಾಜಿ ಪಕ್ಕ ಕೂತು ಆ ಚುಕ್ಕಿಯನ್ನೇ ತೋರಿಸು. ಕಟ್ಟಡದ ಒಳಗೆ ಜಿಪಿಎಸ್ ಸರಿಯಾಗಿ ಸಿಗದಿದ್ದರೆ ಫೋನು ವೈಫೈ, ಟವರ್ ನೋಡಿ ಅಂದಾಜು ಹಾಕುತ್ತದೆ, ಲೈಬ್ರರಿಯಲ್ಲಿ ಕೂತವಳನ್ನು ಆಚೆ ಬೀದಿಯಲ್ಲಿ ತೋರಿಸಿದರೂ ತೋರಿಸಿತು. ಚಾರ್ಜ್ ಮುಗಿದರೆ ಚುಕ್ಕಿ ಹಳೇ ಜಾಗದಲ್ಲೇ ನಿಂತಿರುತ್ತದೆ. ಇದು ಅವರಿಗೆ ಗೊತ್ತಿರಲಿಕ್ಕಿಲ್ಲ, ಅಲ್ವಾ?

ಯಾವಾಗಲೂ ಆನ್ ಇಡುವ ಬದಲು ಒಂದು ಗಂಟೆಗೆ ಮಾತ್ರ ಶೇರ್ ಮಾಡಬಹುದು ಅಂತಲೂ ತೋರಿಸು. ವಾಟ್ಸ್‌ಆ್ಯಪ್‌ನಲ್ಲಂತೂ ಲೈವ್ ಲೊಕೇಶನ್ 15 ನಿಮಿಷ, 1 ಗಂಟೆ, 8 ಗಂಟೆ ಅಂತಲೇ ಇದೆ. ಊರ ಬಸ್ಸು ಹತ್ತಿದಾಗ, ರಾತ್ರಿ ಆಟೋ ಹತ್ತಿದಾಗ ನಾನೇ ಕಳಿಸುತ್ತೇನೆ ಅನ್ನು. ದಿನಾ ರಾತ್ರಿ ಎಂಟೂವರೆಗೆ ನಾನೇ ಫೋನ್ ಮಾಡುತ್ತೇನೆ ಅನ್ನು. ಮಾಡು ಕೂಡ, ಒಂದು ದಿನವೂ ತಪ್ಪಿಸಬೇಡ. ಪಿಜಿ ಆಂಟಿಯ ನಂಬರನ್ನೂ ರೂಮ್‌ಮೇಟ್ ನಂಬರನ್ನೂ ಅವರ ಫೋನಿನಲ್ಲಿ ಸೇವ್ ಮಾಡಿಕೊಟ್ಟು ಬಾ.

ಒಂದೇ ಸಲಕ್ಕೆ ಒಪ್ಪಲಿಕ್ಕಿಲ್ಲ. ಹದಿನೈದು ದಿನ ಮಾಡಿ ನೋಡೋಣ ಅಪ್ಪಾಜಿ ಅನ್ನು. ಮೊದಲ ವಾರ ಚುಕ್ಕಿ ಕಾಣದೆ ಅವರು ಜಾಸ್ತಿಯೇ ಫೋನ್ ಮಾಡುತ್ತಾರೆ, ಸಿಡುಕದೆ ಎತ್ತು. ‘ಅಲ್ಲೇನು ಕೆಲಸ?’ ಅಂದರೆ, ಗೆಳತಿಯರ ಜೊತೆ ಗಿರ್ಮಿಟ್ ಮಿರ್ಚಿ ತಿನ್ನಲು ಬಂದಿದ್ದೇನೆ, ಏಳಕ್ಕೆ ರೂಮಿನಲ್ಲಿರುತ್ತೇನೆ ಅಂತ ಇದ್ದದ್ದನ್ನೇ ಹೇಳು.