ಪಕ್ಕದ ಹೊಲದವರಿಗೆ ಬೆಳೆ ಪರಿಹಾರ ಬಂತು, ಚಳ್ಳಕೆರೆಯ ನಮ್ಮ ತಂದೆಗೆ ಯಾಕೆ ಬಂದಿಲ್ಲ?

ಶೇಂಗಾ ಒಣಗಿದ್ದು ಇಬ್ಬರದ್ದೂ ಅಂದ್ರೆ, ತೊಡಕು ಹೊಲದಲ್ಲಿಲ್ಲ, ದಾಖಲೆಯಲ್ಲಿದೆ. ಮೊದಲು ಬ್ಯಾಂಕಿಗೆ ಹೋಗಿ. ಹಣ ಬರುವುದು ಆಧಾರ್ ಜೋಡಣೆಯಾದ ಖಾತೆಗೆ ಮಾತ್ರ. ಬ್ಯಾಂಕಿಗೆ ಆಧಾರ್ ಪ್ರತಿ ಕೊಟ್ಟಿದ್ದರೆ ಸಾಲದು, ಎನ್‌ಪಿಸಿಐ ಮ್ಯಾಪಿಂಗ್ (ಆಧಾರ್ ಮೂಲಕ ಬರುವ ಸರ್ಕಾರದ ಹಣ ಯಾವ ಬ್ಯಾಂಕಿಗೆ ಹೋಗಬೇಕು ಅನ್ನೋ ಜೋಡಣೆ) ಆಗಿರಬೇಕು. ಹಾಗಂತಲೇ ಕೇಳಿ.

ಆಮೇಲೆ ಫ್ರೂಟ್ಸ್, ಅಂದರೆ ರಾಜ್ಯ ಸರ್ಕಾರದ ರೈತರ ನೋಂದಣಿ ನೋಡಿ; ಅಲ್ಲಿ ಸಿಗುವ ರೈತರ ಗುರುತಿನ ಸಂಖ್ಯೆಯೇ ಎಫ್‌ಐಡಿ. ಅದರಲ್ಲಿ ನಿಮ್ಮ ಎಲ್ಲಾ ಸರ್ವೆ ನಂಬರ್ ಸೇರಿರಬೇಕು. ಎಷ್ಟೋ ಮನೆಗಳಲ್ಲಿ ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇರುತ್ತದೆ. ಉಳುವವರು ಮಗನೇ ಆದರೂ ಹಣ ಬರಲ್ಲ. ಇದು ನನಗೆ ನಿಜಕ್ಕೂ ಸಂಕಟದ ವಿಷಯ. ಪೌತಿ ಖಾತೆಗೆ, ಅಂದರೆ ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಈಗಲೇ ಅರ್ಜಿ ಹಾಕಿ, ಸುಮ್ನೆ ಮುಂದೂಡಬೇಡಿ.

ಬೆಳೆ ಸಮೀಕ್ಷೆಯಲ್ಲಿ ಶೇಂಗಾ ಬದಲು ಬೀಳು ಅಂತ ದಾಖಲಾಗಿದೆಯಾ ಎಂದೂ ನೋಡಿ. ತಪ್ಪಿದ್ದರೆ ಗ್ರಾಮ ಆಡಳಿತಾಧಿಕಾರಿಗೆ ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಮೊತ್ತ ಜಾಸ್ತಿಯೇನಲ್ಲ. 2022ರಿಂದ 2026ರ ಕೇಂದ್ರದ ಮಾನದಂಡದಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಎಕರೆಗೆ ಸುಮಾರು 3,400. ನೀರಾವರಿಗೆ 17,000. ಅದೂ 2 ಹೆಕ್ಟೇರ್‌ವರೆಗೆ, ನಷ್ಟ ಶೇಕಡಾ 33 ಅಥವಾ ಹೆಚ್ಚಿದ್ದರೆ. ಬೀಜ, ಗೊಬ್ಬರದ ಖರ್ಚೂ ಹುಟ್ಟಲ್ಲ, ಅಲ್ವಾ?

ಬೆಳೆ ವಿಮೆ ಬೇರೆ. ಕಂತು ಕಟ್ಟಿದ್ದರೆ ಅದನ್ನು ಪ್ರತ್ಯೇಕವಾಗಿ ವಿಚಾರಿಸಿ.