ಓದುಗರ ಪ್ರಶ್ನೋತ್ತರ: ಆಂಬುಲೆನ್ಸಿನವರು ಯಾರ ಲೆಕ್ಕಕ್ಕೆ?

ಕಳೆದ ಸಂಚಿಕೆಯಲ್ಲಿ ರಸ್ತೆ ಅಪಘಾತದ ಗಾಯಾಳುವನ್ನು ಆಸ್ಪತ್ರೆಗೆ ಸಾಗಿಸುವ ಬಗ್ಗೆ ಬರೆದಿದ್ದೆ. ಅದನ್ನು ಓದಿ ಬಂದ ಪತ್ರಗಳಲ್ಲಿ ಹೆಚ್ಚಿನವು ಸಾಗಿಸುವವರದೇ ಆಗಿದ್ದವು. ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ ಆಂಬುಲೆನ್ಸಿನ ಮೇಲೆ ದುಡಿಯುವವರು ಮತ್ತು ಅವರ ಮನೆಯವರು ಬರೆದಿದ್ದಾರೆ. ಬಹುತೇಕರು ಹೆಸರು ಹಾಕಬೇಡಿ ಎಂದು ಕೇಳಿಕೊಂಡಿರುವುದರಿಂದ ಎಲ್ಲರ ಹೆಸರನ್ನೂ ಬಿಟ್ಟು, ಊರನ್ನು ಮಾತ್ರ ಉಳಿಸಿಕೊಂಡಿದ್ದೇನೆ.

ಏಳು ವರ್ಷದಿಂದ ಆಂಬುಲೆನ್ಸಿನಲ್ಲಿ ಇಎಂಟಿ, ಅಂದರೆ ತುರ್ತು ವೈದ್ಯಕೀಯ ತಂತ್ರಜ್ಞನಾಗಿದ್ದೇನೆ. ಓದಿದ್ದು ಜಿಎನ್‌ಎಂ, ನರ್ಸಿಂಗ್ ಡಿಪ್ಲೊಮಾ. ಹೆದ್ದಾರಿಯಲ್ಲಿ ಲಾರಿಯಡಿ ಸಿಕ್ಕವರನ್ನು ಎತ್ತಿ, ಕುತ್ತಿಗೆಗೆ ಕಾಲರ್ ಹಾಕಿ, ಆಮ್ಲಜನಕ ಕೊಡುತ್ತಾ ತಂದರೂ ಕ್ಯಾಜುಯಲ್ಟಿ ಬಾಗಿಲಲ್ಲಿ ‘ಏ ಆಂಬುಲೆನ್ಸ್, ಅಲ್ಲಿ ಮಲಗಿಸಿ ಹೋಗು’ ಎನ್ನುತ್ತಾರೆ. ಕಾನೂನಿನ ಪ್ರಕಾರ ನಾನು ಆರೋಗ್ಯ ವೃತ್ತಿಪರನೋ, ಗಾಡಿಯ ಜೊತೆ ಬರುವ ಆಳೋ? — ಕುಷ್ಟಗಿ

ಕಾನೂನಿನ ಮಾತಿಗೆ ಮುಂಚೆ ನನ್ನದೇ ಒಂದು ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ, ಏಕೆಂದರೆ ಹಾಗೆ ಅಂದವರಲ್ಲಿ ನಾನೂ ಒಬ್ಬ. ಹಲವು ವರ್ಷಗಳ ಹಿಂದೆ, ಹತ್ತಿಗೆ ಔಷಧಿ ಹೊಡೆಯುವ ದಿನಗಳಲ್ಲಿ, ನಾನು ರಾತ್ರಿ ಪಾಳಿಯ ಡ್ಯೂಟಿ ಡಾಕ್ಟರ್. ಪ್ರಜ್ಞೆಯಿಲ್ಲದ ಕೂಲಿಯಾಳೊಬ್ಬನನ್ನು ಆಂಬುಲೆನ್ಸಿನಲ್ಲಿ ತಂದರು. ಕಣ್ಣಿನ ಪಾಪೆ ಎರಡೂ ಸೂಜಿಮೊನೆಯಷ್ಟು ಕಿರಿದಾಗಿದ್ದವು. ಮೆದುಳಿನ ಬುಡದಲ್ಲಿ ರಕ್ತಸ್ರಾವವಾದರೂ ಪಾಪೆ ಹಾಗೆಯೇ ಕಿರಿದಾಗುತ್ತದೆ. ನನ್ನ ತಲೆಯಲ್ಲಿ ಅದೊಂದೇ ಕೂತುಬಿಟ್ಟಿತ್ತು. ಜೊತೆಗೆ ಬಂದ ಇಎಂಟಿ ಏನೋ ಹೇಳಲು ಬಾಯಿ ತೆರೆದ. ‘ಹೊರಗಿರಪ್ಪ’ ಎಂದು ಕೈ ಮಾಡಿ, ರೋಗಿಯನ್ನು ಸಿಟಿ ಸ್ಕ್ಯಾನಿಗೆ ಬರೆದೆ. ಅರ್ಧ ಗಂಟೆಯೊಳಗೆ ರೋಗಿಯ ಎದೆಯಲ್ಲಿ ಗೊರಗೊರ ಸದ್ದು ಹೆಚ್ಚಿ, ಬಾಯಿಂದ ಜೊಲ್ಲು ಸುರಿಯತೊಡಗಿದಾಗ ಸಿಸ್ಟರ್ ಒಬ್ಬರು ‘ಸರ್, ಮೈಯೆಲ್ಲಾ ಎಣ್ಣೆ ವಾಸನೆ’ ಎಂದರು (ನಮ್ಮ ಕಡೆ ಎಣ್ಣೆಯೆಂದರೆ ಹೊಲಕ್ಕೆ ಹೊಡೆಯುವ ಕೀಟನಾಶಕ). ಆಗ ನಾನೇ ಆ ಹುಡುಗನನ್ನು ಹುಡುಕಿಕೊಂಡು ಹೋದೆ. ಅವನು ನಳದ ಕೆಳಗೆ ಸ್ಟ್ರೆಚರ್ ತೊಳೆಯುತ್ತಿದ್ದ. ಪಕ್ಕದಲ್ಲಿ ಗಂಟು ಹಾಕಿದ ಪ್ಲಾಸ್ಟಿಕ್ ಚೀಲವಿತ್ತು. ಒಳಗೆ ಕತ್ತರಿಸಿ ತೆಗೆದ ಅಂಗಿ, ಬೆನ್ನಿನ ಭಾಗವಷ್ಟೇ ಒದ್ದೆ. ಸ್ಪ್ರೇ ಡಬ್ಬಿ ಸೋರುತ್ತಿತ್ತು, ಬೆಳಗ್ಗೆಯಿಂದ ಅದನ್ನೇ ಹೊತ್ತು ನಡೆದಿದ್ದಾನೆ ಎಂದು ಹೊಲದವರು ಹೇಳಿದ್ದನ್ನು ಅವನು ಕೇಳಿಸಿಕೊಂಡು ಬಂದಿದ್ದ. ಕೀಟನಾಶಕದ ಬಾಟಲಿಯ ಚೀಟಿಯನ್ನೂ ಕಿತ್ತು ತಂದಿದ್ದ. ಆಮೇಲಿನದು ಈ ವಿಷಕ್ಕೆ ಕೊಡುವ ಮದ್ದಾದ ಅಟ್ರೋಪಿನ್ ಕೆಲಸ: ಎದೆ ತಿಳಿಯಾಗುವವರೆಗೆ ಐದೈದು ನಿಮಿಷಕ್ಕೊಮ್ಮೆ ಪ್ರಮಾಣವನ್ನು ದುಪ್ಪಟ್ಟು ಮಾಡುತ್ತಾ ಹೋಗುವುದು. ರೋಗಿ ಉಳಿದ. ಆದರೆ ಆ ಅರ್ಧ ಗಂಟೆ ನನ್ನ ಖಾತೆಯಲ್ಲಿಯೇ ಇದೆ. ಹೊಲವನ್ನು ನೋಡಿದ್ದವನು ಅವನೊಬ್ಬನೇ. ನಾನು ಅವನನ್ನೇ ಹೊರಗೆ ನಿಲ್ಲಿಸಿದ್ದೆ.

ಈಗ ಕಾನೂನು. ಸಂಸತ್ತು 2021ರಲ್ಲಿ ಸಹಾಯಕ ಮತ್ತು ಆರೋಗ್ಯ ಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯನ್ನು ಮಾಡಿತು. ಅದರ ಅನುಸೂಚಿಯಲ್ಲಿ ಆಘಾತ, ಸುಟ್ಟಗಾಯ ಮತ್ತು ಅರಿವಳಿಕೆಗೆ ಸಂಬಂಧಿಸಿದ ವರ್ಗದೊಳಗೆ ಎಮರ್ಜೆನ್ಸಿ ಮೆಡಿಕಲ್ ಟೆಕ್ನಾಲಜಿಸ್ಟ್ ಎಂಬ ವೃತ್ತಿ ಹೆಸರು ಹಿಡಿದೇ ಬಂದಿದೆ. ಬ್ರಾಕೆಟ್ಟಿನಲ್ಲಿ ಪ್ಯಾರಾಮೆಡಿಕ್ ಎಂದೂ ಇದೆ. ಅಂದರೆ ವೃತ್ತಿಗೆ ಮಾನ್ಯತೆ ಸಿಕ್ಕಿದೆ. ಆದರೆ ವೃತ್ತಿಗೆ ಸಿಕ್ಕ ಮಾನ್ಯತೆ ಆ ಕೆಲಸ ಮಾಡುವ ಎಲ್ಲರಿಗೂ ತಾನಾಗಿಯೇ ಸಿಗುವುದಿಲ್ಲ. ಸಹಾಯಕ ಆರೋಗ್ಯ ವೃತ್ತಿಪರ ಎನಿಸಿಕೊಳ್ಳಲು 2ರಿಂದ 4 ವರ್ಷಗಳಲ್ಲಿ ಹರಡಿದ ಕನಿಷ್ಠ 2,000 ಗಂಟೆಗಳ ಡಿಪ್ಲೊಮಾ ಅಥವಾ ಪದವಿ ಬೇಕೆಂದೂ, ಆರೋಗ್ಯ ಸೇವಾ ವೃತ್ತಿಪರ ಎನಿಸಿಕೊಳ್ಳಲು 3ರಿಂದ 6 ವರ್ಷಗಳಲ್ಲಿ ಕನಿಷ್ಠ 3,600 ಗಂಟೆಗಳ ಪದವಿ ಬೇಕೆಂದೂ ಕಾಯ್ದೆ ಹೇಳುತ್ತದೆ. ಕೆಲಸಕ್ಕೆ ಸೇರಿದ ಮೇಲೆ ಸಂಸ್ಥೆ ಕೊಡುವ ಕೆಲವು ವಾರಗಳ ತರಬೇತಿ ಎಷ್ಟೇ ಚೆನ್ನಾಗಿದ್ದರೂ ಈ ಅಳತೆಗೆ ನಿಲುಕುವುದಿಲ್ಲ. ಏಳು ವರ್ಷ ಹೆದ್ದಾರಿಯಲ್ಲಿ ಕಲಿತದ್ದನ್ನು ಗಂಟೆಗಳಲ್ಲಿ ಅಳೆಯುವ ಕಾಯ್ದೆ ಇನ್ನೂ ಬಂದಿಲ್ಲ. ಇದು ನನಗೆ ನ್ಯಾಯವೆನಿಸುವುದಿಲ್ಲ, ಆದರೆ ಇರುವುದು ಹೀಗಿದೆ.

ನಿಮ್ಮ ಮಟ್ಟಿಗೆ ಇನ್ನೊಂದು ದಾರಿಯಿದೆ, ಅದನ್ನು ನೀವು ಮರೆತಂತೆ ಕಾಣುತ್ತದೆ. ನೀವು ಜಿಎನ್‌ಎಂ ಓದಿದವರು. ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಣಿಯಾಗಿದ್ದರೆ ಇಎಂಟಿ ಎಂಬ ಬ್ಯಾಡ್ಜ್ ಇರಲಿ ಬಿಡಲಿ, ನೀವು ಈಗಾಗಲೇ ನೋಂದಾಯಿತ ಶುಶ್ರೂಷಕರು. ಆಂಬುಲೆನ್ಸಿಗೆ ಬಂದ ಮೇಲೆ ‘ಇನ್ನು ಅದೇಕೆ’ ಎಂದು ನವೀಕರಣ ಬಿಟ್ಟವರನ್ನು ನಾನು ಬಲ್ಲೆ. ಸ್ಟಾಫ್ ನರ್ಸ್ ಹುದ್ದೆ ಕರೆದಾಗ ಅವರಿಗೆ ಮೊದಲು ತೊಡಕಾಗುವುದು ಅದೇ. ನೋಂದಣಿಯನ್ನು ಜೀವಂತವಾಗಿಟ್ಟುಕೊಳ್ಳಿ.

ಬಾಗಿಲಲ್ಲಿ ಆಗುವ ಅವಮಾನಕ್ಕೆ ಮಾತ್ರ ಕಾಯ್ದೆಯಲ್ಲಿ ಮದ್ದಿಲ್ಲ, ಕಾಗದದಲ್ಲಿದೆ. ನೀವು ತುಂಬುವ ಪಿಸಿಆರ್, ಅಂದರೆ ರೋಗಿಯ ಆರೈಕೆ ದಾಖಲೆ, ನಿಮ್ಮ ಏಕೈಕ ಸಾಕ್ಷಿ. ಸ್ಟ್ರೆಚರಿನಿಂದ ಹಾಸಿಗೆಗೆ ಎತ್ತುವ ಮೊದಲೇ ಡ್ಯೂಟಿ ಡಾಕ್ಟರನ್ನು ಉದ್ದೇಶಿಸಿ ನಾಲ್ಕು ಮಾತು ಹೇಳಿಬಿಡಿ: ಏನಾಯಿತು, ಎಲ್ಲಿ ಪೆಟ್ಟು, ನಾಡಿ–ಬಿಪಿ–ಉಸಿರು ಈಗ ಎಷ್ಟು, ದಾರಿಯಲ್ಲಿ ಏನು ಕೊಟ್ಟಿರಿ. ಮೂವತ್ತು ಸೆಕೆಂಡು ಸಾಕು. ಎತ್ತಿ ಮಲಗಿಸಿದ ಮೇಲೆ ಹೇಳಿದರೆ ಯಾರ ಕಿವಿಗೂ ಬೀಳುವುದಿಲ್ಲ, ಏಕೆಂದರೆ ಅಷ್ಟರಲ್ಲಿ ಎಲ್ಲರ ಕೈಯೂ ರೋಗಿಯ ಮೇಲಿರುತ್ತದೆ. ಬಿಪಿ, ನಾಡಿಯ ಅಂಕಿಗಳನ್ನು ಬಿಳಿ ಪ್ಲಾಸ್ಟರ್ ಪಟ್ಟಿಯ ಮೇಲೆ ಬರೆದು ತೊಡೆಗೆ ಅಂಟಿಸಿಕೊಂಡು ಬರುವ ಇಎಂಟಿಗಳನ್ನು ನೋಡಿದ್ದೇನೆ. ಓಲಾಡುವ ಗಾಡಿಯಲ್ಲಿ ಅದಕ್ಕಿಂತ ಒಳ್ಳೆಯ ಉಪಾಯ ನನಗೂ ಗೊತ್ತಿಲ್ಲ. ಕೊನೆಗೆ ಪಿಸಿಆರ್ ಮೇಲೆ ರೋಗಿಯನ್ನು ಪಡೆದವರ ಸಹಿಯ ಜೊತೆ ಸಮಯವನ್ನೂ ಹಾಕಿಸಿಕೊಳ್ಳಿ. ಸಮಯ ಬರೆಯಬೇಕಾದ ಕೈ ಒಂದು ಕ್ಷಣವಾದರೂ ತಲೆಯೆತ್ತಿ ನಿಮ್ಮ ಮುಖ ನೋಡುತ್ತದೆ.

ನಮ್ಮ ಯಜಮಾನರು ಆಂಬುಲೆನ್ಸ್ ಪೈಲಟ್, ಅಂದರೆ ಡ್ರೈವರ್. ದಿನಕ್ಕೆ ಹನ್ನೆರಡು ತಾಸು ಡ್ಯೂಟಿ. ಎರಡು ತಿಂಗಳ ಪಗಾರ ಬಂದಿಲ್ಲ. ಏಜೆನ್ಸಿಯವರು ಇಲಾಖೆಯಿಂದ ಹಣ ಬಂದಿಲ್ಲ ಎನ್ನುತ್ತಾರೆ, ಇಲಾಖೆಯವರು ಏಜೆನ್ಸಿಯನ್ನು ಕೇಳಿ ಎನ್ನುತ್ತಾರೆ. ನಡುವೆ ಏಜೆನ್ಸಿಯೂ ಒಮ್ಮೆ ಬದಲಾಯಿತು. ಯಾರನ್ನು ಕೇಳಬೇಕು? — ಸಿಂಧನೂರು ತಾಲ್ಲೂಕು

ಇಬ್ಬರನ್ನೂ, ಬರವಣಿಗೆಯಲ್ಲಿ. ಗುತ್ತಿಗೆದಾರ ವೇತನ ಕೊಡದಿದ್ದರೆ ಪ್ರಧಾನ ಮಾಲೀಕನೇ (ಗುತ್ತಿಗೆ ಕೊಟ್ಟು ಕೆಲಸ ಮಾಡಿಸಿಕೊಳ್ಳುವವನು, ಇಲ್ಲಿ ಇಲಾಖೆ) ಕೊಟ್ಟು, ಅನಂತರ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕೆಂಬ ನಿಯಮ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿಯೂ ಅದು ಉಳಿದಿದೆ. ‘ನಾವು ಸೇವೆಯನ್ನು ಖರೀದಿಸಿದ್ದೇವೆ, ಆಳುಗಳನ್ನಲ್ಲ’ ಎಂದು ಇಲಾಖೆ ವಾದಿಸಬಹುದು. ಆ ವಾದ ನಿಲ್ಲುತ್ತದೋ ಇಲ್ಲವೋ ಎಂದು ತೀರ್ಮಾನಿಸುವುದು ಗೇಟಿನಲ್ಲಿ ಕೂತ ಗುಮಾಸ್ತನ ಕೆಲಸವಲ್ಲ. ಆದ್ದರಿಂದ ಜಿಲ್ಲೆಯ ಕಾರ್ಮಿಕ ಅಧಿಕಾರಿಗೆ ಅರ್ಜಿ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಒಬ್ಬರೇ ಹೋಗುವ ಬದಲು ನಾಲ್ಕಾರು ವಾಹನದವರು ಕೂಡಿ ಹೋದರೆ ಒಬ್ಬರ ಮೇಲೆ ಕಣ್ಣು ಬೀಳುವುದು ತಪ್ಪುತ್ತದೆ. ದಿನದ ಎಂಟು ತಾಸಿನ ಮೇಲಿನ ದುಡಿಮೆಗೆ ದುಪ್ಪಟ್ಟು ದರವನ್ನು ಕೇಳುವಾಗ ಆಧಾರವಾಗುವುದು ಡ್ಯೂಟಿ ಪಟ್ಟಿ ಮತ್ತು ಗಾಡಿಯ ಲಾಗ್ ಪುಸ್ತಕ. ಪಾಳಿ ಮುಗಿದಾಗಲೆಲ್ಲಾ ಆ ಪುಟದ ಫೋಟೋ ತೆಗೆದುಕೊಳ್ಳಲು ಅವರಿಗೆ ಹೇಳಿ. ರೋಗಿಯ ಹೆಸರಿರುವ ಪುಟ ಬೇಡ.

ಏಜೆನ್ಸಿ ಬದಲಾದಾಗಿನ ನಷ್ಟ ಕಣ್ಣಿಗೆ ಕಾಣುವುದಿಲ್ಲ. ಪಿಎಫ್‌ನ ಯುಎಎನ್ (ಸದಸ್ಯರ ಖಾಯಂ ಖಾತೆ) ಸಂಖ್ಯೆ ಒಂದೇ ಇರಬೇಕು, ಹಳೆಯ ಖಾತೆ ಹೊಸದಕ್ಕೆ ವರ್ಗವಾಗಬೇಕು. ಬಹಳ ಜನ ಏಜೆನ್ಸಿ ಬಿಟ್ಟ ಮೇಲೆ ಹಬ್ಬಕ್ಕೋ ಬೀಜ–ಗೊಬ್ಬರಕ್ಕೋ ಎಂದು ಹಣವನ್ನು ತೆಗೆದುಬಿಡುತ್ತಾರೆ. ಪಿಂಚಣಿಗೆ ಒಟ್ಟು 10 ವರ್ಷದ ಸೇವೆ ಬೇಕು. ಪಿಂಚಣಿಯ ಪಾಲನ್ನೂ ತೆಗೆದರೆ ಎಣಿಕೆ ಮತ್ತೆ ಸೊನ್ನೆಯಿಂದ. ಹಳೆಯ ನೇಮಕಾತಿ ಪತ್ರವನ್ನೂ ಎಸೆಯಬೇಡಿ. ಹೊಸ ಏಜೆನ್ಸಿಯ ಕಡತದಲ್ಲಿ ನಿಮ್ಮ ಯಜಮಾನರು ನಿನ್ನೆ ಮೊನ್ನೆ ಸೇರಿದವರಾಗಿರುತ್ತಾರೆ. ಹಿಂದಿನ ವರ್ಷಗಳನ್ನು ಸಾಬೀತು ಮಾಡಲು ಅದೊಂದು ಹಾಳೆಯೇ ಬೇಕಾದೀತು.

ಓಡುವ ಆಂಬುಲೆನ್ಸಿನಲ್ಲಿ ಹೆರಿಗೆ ಮಾಡಿಸುವಾಗ ಸೂಜಿ ಚುಚ್ಚಿತು. ಹೇಳಿದರೆ ನನ್ನದೇ ತಪ್ಪು ಅನ್ನುತ್ತಾರೆಂದು ಸುಮ್ಮನಿದ್ದೆ. ಎರಡು ತಿಂಗಳಾಯಿತು, ನಿದ್ದೆಯಿಲ್ಲ. — ಮಹಿಳಾ ಇಎಂಟಿ, ದೇವದುರ್ಗ

ತಂಗಿ, ನಾಳೆಯೇ ಜಿಲ್ಲಾ ಆಸ್ಪತ್ರೆಯ ಐಸಿಟಿಸಿ (ಆಪ್ತ ಸಲಹೆ ಮತ್ತು ಪರೀಕ್ಷಾ) ಕೇಂದ್ರಕ್ಕೆ ಹೋಗಿ ಎಚ್‌ಐವಿ ಪರೀಕ್ಷೆ ಮಾಡಿಸಿಕೊಳ್ಳಿ. ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಯೂ ಆಗಲಿ. ಮೂರು ತಿಂಗಳಿಗೆ ಮತ್ತು ಆರು ತಿಂಗಳಿಗೆ ಮತ್ತೊಮ್ಮೆ. ಸೋಂಕಿತರ ರಕ್ತದ ಸೂಜಿ ಚುಚ್ಚಿದರೂ ಎಚ್‌ಐವಿ ಹರಡುವುದು ಸಾವಿರದಲ್ಲಿ ಮೂರು ಸಲದಷ್ಟು ಮಾತ್ರ. ಆ ತಾಯಿಗೆ ಸೋಂಕು ಇತ್ತೆಂದು ನೀವು ಬರೆದಿಲ್ಲ, ಹಾಗಾಗಿ ಇವತ್ತು ರಾತ್ರಿ ನಿದ್ದೆ ಮಾಡಿ.

ಮುಂದಿನ ಸಲಕ್ಕೆ, ಮತ್ತು ಇದನ್ನು ಓದುತ್ತಿರುವ ಉಳಿದವರಿಗೆ: ಚುಚ್ಚಿದ ಜಾಗವನ್ನು ಹಿಂಡಬಾರದು, ಸ್ಪಿರಿಟ್ ಸುರಿಯಬಾರದು, ಸೋಪು ಮತ್ತು ನೀರಿನಿಂದ ತೊಳೆಯಬೇಕು. ಎಚ್‌ಐವಿ ತಗಲದಂತೆ ಕೊಡುವ ತಡೆ ಔಷಧಿಯನ್ನು ಆದಷ್ಟು 2 ತಾಸಿನೊಳಗೆ ಶುರು ಮಾಡಬೇಕು. 72 ತಾಸು ಕಳೆದರೆ ಪ್ರಯೋಜನವಿಲ್ಲ. ಶುರು ಮಾಡಿದರೆ 28 ದಿನ ತಪ್ಪಿಸಬಾರದು. ರೋಗಿಯನ್ನು ಇಳಿಸಿದ ಆಸ್ಪತ್ರೆಯಲ್ಲಿಯೇ, ಕೈಗವಸು ಬಿಚ್ಚುವ ಹೊತ್ತಿನಲ್ಲಿಯೇ ಬಾಯಿಬಿಟ್ಟು ಕೇಳಿ. ಇದು ಉಪಕಾರವಲ್ಲ. ಸೋಂಕಿಗೆ ಒಡ್ಡಿಕೊಳ್ಳುವ ಕೆಲಸದಲ್ಲಿರುವವರಿಗೆ ರಕ್ಷಣಾ ಸಾಮಗ್ರಿ, ತರಬೇತಿ ಮತ್ತು ಈ ತಡೆ ಔಷಧಿಯನ್ನು ಒದಗಿಸುವುದು ಸಂಸ್ಥೆಯ ಕರ್ತವ್ಯವೆಂದು 2017ರ ಎಚ್‌ಐವಿ ಕಾಯ್ದೆ ಹೇಳಿದೆ. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಆಗಿಲ್ಲದಿದ್ದರೆ ಅದೇ ದಿನ ಮೊದಲನೆಯದನ್ನು ಹಾಕಿಸಿಕೊಳ್ಳಿ. ತಪ್ಪು ಯಾರದು ಎಂಬ ಮಾತಿಗೆ ಬಂದರೆ, ಹೊಂಡ ಬಿದ್ದ ರಸ್ತೆಯಲ್ಲಿ ಓಡುವ ಗಾಡಿಯೊಳಗೆ, ಒಂದು ಕೈಯಲ್ಲಿ ಕೂಸು ಹಿಡಿದವಳ ಕೈಗೆ ಸೂಜಿ ಚುಚ್ಚಿದರೆ ಅದನ್ನು ಅಜಾಗರೂಕತೆ ಎನ್ನುವವರು ಒಮ್ಮೆ ಹಿಂದಿನ ಸೀಟಿನಲ್ಲಿ ಕೂತು ಬರಲಿ.

ಪಿಯುಸಿ ವಿಜ್ಞಾನ ಮುಗಿಸಿದ್ದೇನೆ. ಈ ಕೆಲಸಕ್ಕೇ ಸೇರಬೇಕೆಂದಿದೆ. ಏನು ಓದಲಿ? 371-ಜೆ ಮೀಸಲಾತಿ ಸಿಗುವುದೇ? — ಸಂಡೂರು

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಎಮರ್ಜೆನ್ಸಿ ಮತ್ತು ಟ್ರಾಮಾ ಕೇರ್ ವಿಷಯದ ಬಿ.ಎಸ್ಸಿ. ಪದವಿಯಿದೆ, ಮೇಲೆ ಹೇಳಿದ ಗಂಟೆಗಳ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು ಅದನ್ನೇ ಆರಿಸಿ. ಆರು ತಿಂಗಳ ಸರ್ಟಿಫಿಕೇಟಿಗೆ ದೊಡ್ಡ ಬೋರ್ಡ್ ಹಾಕಿದ ಕಡೆ ಹಣ ಕಟ್ಟಬೇಡಿ. ಸಂವಿಧಾನದ 371-ಜೆ ವಿಧಿ ನಮ್ಮ ಕಲ್ಯಾಣ ಕರ್ನಾಟಕ ಭಾಗದ ಸರ್ಕಾರಿ ಹುದ್ದೆಗಳಿಗೆ ಮತ್ತು ಕಾಲೇಜು ಸೀಟುಗಳಿಗೆ ಅನ್ವಯಿಸುತ್ತದೆ, ಖಾಸಗಿ ಏಜೆನ್ಸಿ ಮಾಡಿಕೊಳ್ಳುವ ನೇಮಕಾತಿಗೆ ಅಲ್ಲ. ಅರ್ಹತಾ ಪತ್ರವನ್ನು ಉಪವಿಭಾಗಾಧಿಕಾರಿ ಕಚೇರಿಯಿಂದ ಈಗಲೇ ಮಾಡಿಸಿಟ್ಟುಕೊಳ್ಳಿ, ಸೀಟಿಗೂ ಬೇಕಾಗುತ್ತದೆ.

ನಾನು ಡ್ರೈವರ್. 2008ರ ರಾಜ್ಯೋತ್ಸವದ ದಿನ ಆರೋಗ್ಯ ಕವಚ 108 ಶುರುವಾದಾಗಿನಿಂದ ನಮ್ಮನ್ನು ಪೈಲಟ್ ಎಂದು ಕರೆಯುತ್ತಾರೆ. ಕರೆಯುವುದಕ್ಕೆ ದುಡ್ಡು ಖರ್ಚಾಗುವುದಿಲ್ಲವಲ್ಲ. ಲೈಸೆನ್ಸಿನ ಮೇಲೆ ಡ್ರೈವರ್, ಪಗಾರದಲ್ಲಿ ಡ್ರೈವರ್. ಕಾನೂನಿನಲ್ಲಿ ಎಲ್ಲಾದರೂ ನಮಗೆ ಬೇರೆ ಲೆಕ್ಕವಿದೆಯೇ? — ಗಂಗಾವತಿ

ಆಂಬುಲೆನ್ಸಿಗೆ ದಾರಿ ಬಿಡದವರಿಗೆ ಆರು ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ ಎಂದು 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಬಂದಿದೆ, ಆದರೆ ಅದು ಗಾಡಿಗೆ ಸಿಕ್ಕ ಮರ್ಯಾದೆ, ನಿಮಗಲ್ಲ. ನಿಮ್ಮನ್ನು ಲೆಕ್ಕಕ್ಕೆ ಹಿಡಿದ ಕಾನೂನು ನೀವು ಊಹಿಸದ ಕಡೆಯಿದೆ: 1969ರ ಜನನ ಮರಣ ನೋಂದಣಿ ಕಾಯ್ದೆಯಡಿ ಮಾಡಿದ ನಿಯಮಗಳಲ್ಲಿ. ಚಲಿಸುವ ವಾಹನದಲ್ಲಿ ಕೂಸು ಹುಟ್ಟಿದರೆ ಮಾಹಿತಿ ಕೊಡಬೇಕಾದವನು ಅಪ್ಪನೂ ಅಲ್ಲ, ಡಾಕ್ಟರೂ ಅಲ್ಲ. ವಾಹನದ ಉಸ್ತುವಾರಿ ಹೊತ್ತವನು, ಅದೂ ಗಾಡಿ ಮೊದಲು ನಿಲ್ಲುವ ಜಾಗದಲ್ಲಿ. ಕಾರಟಗಿಯಿಂದ ಹೊರಟ ಗಾಡಿಯಲ್ಲಿ ಗಂಗಾವತಿ ಮುಟ್ಟುವ ಮೊದಲೇ ಹೆರಿಗೆಯಾಯಿತು ಎನ್ನಿ. ಎಷ್ಟು ಗಂಟೆಗೆ, ಯಾವ ಊರು ದಾಟಿದ ಮೇಲೆ ಎಂಬುದು ಸ್ಟಿಯರಿಂಗ್ ಹಿಡಿದ ನಿಮಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿರುವುದಿಲ್ಲ. ಸಾಮಾನ್ಯವಾಗಿ ಆಸ್ಪತ್ರೆಯವರೇ ತಮ್ಮಲ್ಲಿ ಹುಟ್ಟಿತೆಂದು ಬರೆದುಕೊಂಡು ಮುಗಿಸಿಬಿಡುತ್ತಾರೆ. ಮುಂದಿನ ಸಲ ಹಾಗಾಗಲು ಬಿಡದೆ ಜನನ ವರದಿಯ ನಮೂನೆಯನ್ನು ಕೇಳಿ ಪಡೆಯಿರಿ. ಅದರಲ್ಲಿ ಮಾಹಿತಿ ನೀಡಿದವರ ಹೆಸರು ಎಂಬ ಸಾಲಿದೆ. ಅಲ್ಲಿ ನಿಮ್ಮ ಹೆಸರನ್ನು ಬರೆದು ಸಹಿ ಹಾಕಿ.