ಅಂಗಿಯ ಗುಂಡಿ ಕಂಡರೆ ಹೊಟ್ಟೆ ತೊಳಸುವವರು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಮೂವತ್ತರ ಆಸುಪಾಸಿನ ಮಹಿಳೆ, ಲೆಕ್ಕಪತ್ರ ನೋಡುವ ಕೆಲಸ. ಮಗನನ್ನು ಆಗಷ್ಟೇ ಶಾಲೆಗೆ ಸೇರಿಸಿದ್ದರು. ಅವನ ಸಮವಸ್ತ್ರದ ಅಂಗಿಗೆ ಗುಂಡಿ ಹಾಕಲು ಇವರ ಕೈ ಬರುತ್ತಿರಲಿಲ್ಲ. ಇವರ ಬಟ್ಟೆಗಳಿಗೆಲ್ಲ ಜಿಪ್ಪು, ಹುಕ್ಕುಗಳೇ. ಗಂಡ ಮನೆಯಲ್ಲಿ ಟೀ ಶರ್ಟ್ ಬಿಟ್ಟು ಬೇರೆ ಹಾಕುವುದಿಲ್ಲ, ಅವರ ಅಂಗಿಗಳಿಗೆ ಬೇರೆಯದೇ ಒಗೆಯುವ ಬುಟ್ಟಿ. “ಹೆದರಿಕೆ ಅಲ್ಲ ಮೇಡಂ, ಅಸಹ್ಯ. ದಾರ ಸಡಿಲಾಗಿ ನೇತಾಡೋ ಗುಂಡಿ ನೋಡಿದ್ರಂತೂ ವಾಂತಿನೇ ಬರೋ ಹಾಗಾಗುತ್ತೆ” ಎಂದರು. ಚಿಕಿತ್ಸೆಯ ದಾರಿಯನ್ನು ತೀರ್ಮಾನಿಸಿದ್ದು ಈ ಮಾತೇ.

ಆರು ತಿಂಗಳಿಗೂ ಮೀರಿದ ತೊಂದರೆ, ವಸ್ತು ಕಂಡಾಗಲೆಲ್ಲ ತಕ್ಷಣ ಅದೇ ಪ್ರತಿಕ್ರಿಯೆ, ದಿನನಿತ್ಯದ ಬದುಕಿಗೆ ಅಡ್ಡಿ: ಇದು ನಿರ್ದಿಷ್ಟ ಫೋಬಿಯಾದ, ಅಂದರೆ ಒಂದು ವಸ್ತುವಿನ ಬಗೆಗಿನ ಅತಿಯಾದ ಹೆದರಿಕೆ ಅಥವಾ ಅಸಹ್ಯದ, ಲಕ್ಷಣ. ಆದರೆ ಅಸಹ್ಯ ಮುಂದಿದ್ದಾಗ ಗೀಳು ಕಾಯಿಲೆ (ಬೇಡದ ಯೋಚನೆ ಕಾಡುವುದು, ಅದನ್ನು ತಣಿಸಲು ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದು) ಇದೆಯೇ ಎಂದು ಮೊದಲು ನೋಡಬೇಕು. “ಮುಟ್ಟಿದ ಮೇಲೆ ಎಷ್ಟು ಸಲ ಕೈ ತೊಳೀತೀರಿ? ತೊಳೆಯದಿದ್ದರೆ ಯಾರಿಗಾದರೂ ಕೆಡುಕಾಗುತ್ತೆ ಅನಿಸುತ್ತಾ?” ಒಂದೇ ಸಲ, ಅಂಥ ಯೋಚನೆಯೂ ಇಲ್ಲ ಎಂದರು. ಹಾಗಾಗಿ ಗೀಳನ್ನು ಬದಿಗಿಟ್ಟೆವು.

ಇದು ಯಾವಾಗ, ಹೇಗೆ ಶುರುವಾಯಿತೆಂದು ಅವರಿಗೆ ನೆನಪಿಲ್ಲ. ನೆನಪಿರಲೇಬೇಕೆಂದೂ ಇಲ್ಲ, ಬಾಲ್ಯವನ್ನು ಕೆದಕುತ್ತ ವಾರಗಳನ್ನು ಕಳೆಯುವುದರಿಂದ ಇಲ್ಲಿ ಲಾಭ ಕಡಿಮೆ. 2002ರಲ್ಲಿ ಪ್ರಕಟವಾದ, ಒಂಬತ್ತು ವರ್ಷದ ಹುಡುಗನ ಗುಂಡಿ ಫೋಬಿಯಾದ ವರದಿ ಹೆಚ್ಚು ಉಪಯುಕ್ತ. ಶಾಲೆಯಲ್ಲಿ ಒಂದು ಬಟ್ಟಲು ಗುಂಡಿಗಳು ಅವನ ಮೇಲೆ ಸುರಿದಿದ್ದವು. ಹಂತಹಂತವಾಗಿ ಮುಟ್ಟಿಸಿದಾಗ ಅವನು ಮುಟ್ಟಿದ, ಆದರೆ ಒಳಗಿನ ಸಂಕಟ ಏರಿತು. ಗುಂಡಿಗಳು ಮೈಮೇಲೆ ಬೀಳುವುದನ್ನು, ಅವುಗಳ ಸ್ಪರ್ಶವನ್ನು, ವಾಸನೆಯನ್ನು ಕಲ್ಪಿಸಿಕೊಳ್ಳುತ್ತ, ಅಸಹ್ಯ ಹುಟ್ಟಿಸುವ ಯೋಚನೆಗಳನ್ನೇ ಎದುರಿಸಿದ ಮೇಲೆ ಅದು ಇಳಿಯಿತು. ಅಸಹ್ಯವು ಹೆದರಿಕೆಗಿಂತ ನಿಧಾನವಾಗಿ ಕರಗುತ್ತದೆ. ಮುಟ್ಟಿದ ಮಾತ್ರಕ್ಕೆ ಗೆದ್ದಂತಲ್ಲ.

ಸಂಕಟಕ್ಕೆ 0ರಿಂದ 10ರವರೆಗೆ ಅಂಕ ಕೊಡಿಸಿ ಏಣಿ ಹಾಕಿದೆವು. ಲೋಹದ ಗುಂಡಿಯ ಚಿತ್ರ 2, ಮುಚ್ಚಿದ ಬಾಟಲಿಯಲ್ಲಿ ಪ್ಲಾಸ್ಟಿಕ್ ಗುಂಡಿ 4, ಒಂದೇ ಬೆರಳಲ್ಲಿ ಮುಟ್ಟುವುದು 6, ಅಂಗಿಯ ಗುಂಡಿಯನ್ನು ಕಾಜದೊಳಗೆ ತೂರಿಸುವುದು 7, ದಾರ ನೇತಾಡುವ ನಾಲ್ಕು ತೂತಿನ ಒದ್ದೆ ಗುಂಡಿ ಅಂಗೈಯಲ್ಲಿ 10. ಜೀನ್ಸ್ ಪ್ಯಾಂಟಿನ ಗುಂಡಿಗೆ ಮಾತ್ರ 1! ಇಂಥ ವಿಚಿತ್ರ ಸಡಿಲಿಕೆಗಳು ಸಾಮಾನ್ಯ, ಅಲ್ಲಿಂದಲೇ ಶುರು ಮಾಡುವುದು ಜಾಣತನ.

ಪ್ರತಿ ಮೆಟ್ಟಿಲಿಗೂ ಕೊಟ್ಟ ಸಲಹೆ ಹೀಗಿತ್ತು. ಶುರುವಿಗೆ ಮೊದಲು ಏನಾಗಬಹುದೆಂದು ಬರೆದಿಡಿ (“ಎರಡು ನಿಮಿಷದಲ್ಲಿ ವಾಂತಿ”). ಗುಂಡಿಯನ್ನೇ ನೋಡಿ: ಅಂಚು, ತೂತು, ತೂತಿನೊಳಗೆ ಸಿಕ್ಕಿದ ದಾರದ ಎಳೆ. ಫೋನು, ಹಾಡು, ಮಾತು ಬೇಡ, ಏಕೆಂದರೆ ಗಮನ ಬೇರೆಡೆ ಹೋದರೆ ಬರೆದಿಟ್ಟ ಊಹೆ ಸುಳ್ಳೆಂದು ಮನಸ್ಸಿಗೆ ಗೊತ್ತಾಗುವುದಿಲ್ಲ. ಅಂಕ ಅರ್ಧಕ್ಕಿಳಿಯುವವರೆಗೆ ಕೂರಿ. ಅಸಹ್ಯಕ್ಕೆ ನಲವತ್ತು ನಿಮಿಷವೂ ಬೇಕಾದೀತು. ಮುಗಿದ ಮೇಲೆ ಅರ್ಧ ಗಂಟೆ ಕೈ ತೊಳೆಯಬೇಡಿ. ಮರುದಿನ ಬಣ್ಣ, ಗಾತ್ರ, ಕೋಣೆ ಬದಲಿಸಿ. ಒಂದೇ ಬಿಳಿ ಗುಂಡಿಗೆ ಒಗ್ಗಿಕೊಂಡರೆ ಆ ಒಂದಕ್ಕೆ ಮಾತ್ರ ಒಗ್ಗಿದಂತೆ.

ಎಡವಟ್ಟಾಗಿದ್ದು ಎರಡು ಕಡೆ. ಅಂಕ 8ಕ್ಕೇರಿದ ಕೂಡಲೇ ಎದ್ದುಹೋಗುತ್ತಿದ್ದರು. ಆಗ ಸಿಗುವ ನಿರಾಳವೇ ಫೋಬಿಯಾಕ್ಕೆ ಗೊಬ್ಬರ. ಹೆಚ್ಚು ತಡೆಯಲಾಗದಿದ್ದರೆ ಒಂದು ಮೆಟ್ಟಿಲು ಇಳಿದು ಕೂರಿ, ಕೋಣೆ ಬಿಡಬೇಡಿ ಎಂದೆವು. ಎರಡನೆಯದು ಗಂಡನ ಉತ್ಸಾಹ: “ಗಟ್ಟಿಯಾಗಲಿ” ಎಂದು ಹೇಳದೆ ದಿಂಬಿನ ಕೆಳಗೆ ಗುಂಡಿ ಇಟ್ಟಿದ್ದರು. ಹೀಗೆ ಹಠಾತ್ತಾಗಿ ಹೇರಿದರೆ ನಂಬಿಕೆ ಮುರಿಯುತ್ತದೆ, ಏಣಿಯ ಮೇಲಿನ ಹಿಡಿತ ಹೆಂಡತಿಯದೇ ಆಗಿರಬೇಕು. ಗಂಡನಿಗೆ ಕೊಟ್ಟ ಕೆಲಸ ಬೇರೆ: ತನ್ನ ಅಂಗಿಗಳ ಪ್ರತ್ಯೇಕ ಬುಟ್ಟಿಯನ್ನು ತೆಗೆದುಹಾಕುವುದು, ಅದೂ ಯಾವ ದಿನವೆಂದು ಹೆಂಡತಿ ಹೇಳಿದ ಮೇಲೆ.

6ರ ಮೆಟ್ಟಿಲು ದಾಟಿದ ಮೇಲೆ ಕಲ್ಪನೆಯ ಅಭ್ಯಾಸ ಸೇರಿಸಿದೆವು: ಕಣ್ಣು ಮುಚ್ಚಿ, ಗುಂಡಿಗಳ ರಾಶಿಯಲ್ಲಿ ಕೈ ಮುಳುಗಿದಂತೆ, ಒಂದು ಗುಂಡಿ ಕುತ್ತಿಗೆಗೆ ಅಂಟಿಕೊಂಡಂತೆ ಜೋರಾಗಿ ವರ್ಣಿಸುವುದು. ಮೇಲಿನ ಮೆಟ್ಟಿಲುಗಳಲ್ಲಿ ಕದಲದಿದ್ದ ಅಂಕ ಇಲ್ಲಿಂದ ಇಳಿಯತೊಡಗಿತು.

ಈಗ ಮಗನ ಅಂಗಿಗೆ ಅವರೇ ಗುಂಡಿ ಹಾಕುತ್ತಾರೆ. ನೇತಾಡುವ ದಾರಕ್ಕೆ ಇನ್ನೂ 3 ಇದೆ, ಅಷ್ಟಿದ್ದರೆ ಬದುಕಿಗೆ ಅಡ್ಡಿಯಿಲ್ಲ. ವಾರಕ್ಕೊಮ್ಮೆ ಒಂದು ಗುಂಡಿ ಹೊಲಿಯಬೇಕು. ಅಂಕ ಮತ್ತೆ 5 ದಾಟಿದರೆ ಎರಡು ಮೆಟ್ಟಿಲು ಇಳಿದು ಶುರು ಮಾಡಬೇಕು. ಊಟ ಬಿಡುವಷ್ಟು ಹೇಸಿಗೆ, ಬೇಸರ ಕವಿಯುವುದು ಅಥವಾ ತೊಳೆಯುವ ಚಟ ಕಂಡರೆ ಮನೋವೈದ್ಯರನ್ನು ಕಾಣಬೇಕು.